ಬಿಯರ್ ಮೂಸಿ ನೋಡಿದ ಅಕ್ಕ

ನಾನು ಬಕೆಟಿನ ಮುಚ್ಚಳ ತೆಗೆದ ಕೂಡಲೇ ಪಕ್ಕದ ಮನೆಯ ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದೆ ಸರಿದರು.

“ಥೂ! ಇದೇನೋ ಬಿಯರಾ? ಮೂರು ದಿನದ ದೋಸೆ ಹಿಟ್ಟಿನ ವಾಸನೆ ಬರ್ತಿದೆ.”

ನಿಜ, ಹುಳಿ ಹೊಡೆಯುತ್ತಿತ್ತು. ನಿನ್ನೆ ನನ್ನ ಹಿಟ್ಟಿನ ಡಬ್ಬಿ ತೆರೆದಾಗ ಅದೇ ವಾಸನೆ. ಅದಕ್ಕೇ ಬರೆಯುತ್ತಿದ್ದೇನೆ.

ಅದು ತೊಂಬತ್ತಾರರ ಚಳಿಗಾಲ. ನಾನು ಹಾಲೆಂಡಿನ ಟಿಲ್‌ಬರ್ಗ್‌ನ ಒಂದು ಇಂಡಿಯನ್ ಹೋಟೆಲಿನಲ್ಲಿ ಅಡುಗೆಯವ. ಓದಿದ್ದು ಏಳನೇ ಕ್ಲಾಸು. ನಾನು ಮದುವೆಯಾಗಬೇಕೆಂದಿದ್ದ ಡಚ್ ಹುಡುಗಿಯ ಅಪ್ಪ ಮನೆಯಲ್ಲೇ ಬಿಯರ್ ಮಾಡುವ ಮನುಷ್ಯ. ನನ್ನನ್ನು ಕಂಡರೆ ಅವರಿಗೆ ಅಷ್ಟಕ್ಕಷ್ಟೆ. ನಿಮ್ಮ ಹುಟ್ಟುಹಬ್ಬಕ್ಕೆ ನಾನೇ ಬಿಯರ್ ಮಾಡಿ ತರುತ್ತೇನೆ ಎಂದು ಎಲ್ಲರೆದುರು ಹೇಳಿಬಿಟ್ಟಿದ್ದೆ. ಇನ್ನು ಆರು ವಾರ ಇತ್ತು. ಮೊದಲ ಬಕೆಟ್ ಹೀಗಾಯಿತು.

ಅಕ್ಕ ಮೈಸೂರಿನವರು. ಗಂಡನಿಗೆ ಕಂಪ್ಯೂಟರ್ ಕೆಲಸ. ಮನೆಯಲ್ಲಿ ಈರುಳ್ಳಿ ಕೂಡ ವಾರದಲ್ಲಿ ಎರಡು ದಿನ ಇಲ್ಲ. ಅಂಥವರು ಬಕೆಟಿನ ಸುತ್ತ ಒಂದು ಸುತ್ತು ಬಂದರು.

“ಇದ್ರಲ್ಲಿ ಮುಂಚೆ ಏನಿತ್ತು?”

“ಹೋಟೆಲ್ ದೋಸೆ ಹಿಟ್ಟು. ಸ್ಟೀಲ್ ನಾರಲ್ಲಿ ಚೆನ್ನಾಗಿ ಉಜ್ಜಿದೀನಿ ಅಕ್ಕ.”

“ಗೀರೆಲ್ಲಾ ಬಿದ್ದಿದೆ ನೋಡು. ಹಳೇ ಹುಳಿ ಅದ್ರೊಳಗೇ ಕೂತಿರುತ್ತೆ. ಹಿಟ್ಟು ಹುಳಿ ಬರ್ಬೇಕು. ಬಿಯರ್?”

“ಬರ್ಬಾರ್ದು.”

“ಮತ್ತೆ ಹೀಟರ್ ಪಕ್ಕ ಇಟ್ಟು ಕಂಬಳಿ ಯಾಕೋ ಹೊದ್ಸಿದೀಯ, ಬಾಣಂತಿ ಥರ?”

ಚಳಿಗಾಲದಲ್ಲಿ ಹಿಟ್ಟಿಗೆ ಹಾಗೇ ಮಾಡುತ್ತಿದ್ದೆ.

ಶನಿವಾರ ಸೀರೆ ಮೇಲೆ ಜಾಕೆಟ್ ಹಾಕಿಕೊಂಡು ಬಿಯರ್ ಸಾಮಾನಿನ ಅಂಗಡಿಗೆ ಅವರೇ ಬಂದರು. ಅಂಗಡಿಯವನು ದೊಡ್ಡ ಗಾಜಿನ ಜಾಡಿ ತೋರಿಸಿದ. ನನಗೆ ಅದೇ ಬೇಕೆನಿಸಿತು. ಅಕ್ಕ ಅದರ ಬಾಯಿಗೆ ಕೈ ಹಾಕಿ ನೋಡಿದರು, ಬಳೆ ಸಿಕ್ಕಿಕೊಂಡಿತು.

“ಕೈ ಹೋಗದ ಪಾತ್ರೆ ಹೆಂಗೋ ತೊಳೀತೀಯ? ಬೇಡ.”

ಹೊಸ ಪ್ಲಾಸ್ಟಿಕ್ ಬಕೆಟ್ ತಂದೆವು. ಅದರ ಮುಚ್ಚಳಕ್ಕೆ ನೀರು ಹಾಕುವ ಪುಟ್ಟ ನಳಿಕೆ ಇತ್ತು. ಒಳಗಿನ ಗಾಳಿ ಹೊರಗೆ ಹೋಗುತ್ತದೆ, ಹೊರಗಿನದು ಒಳಗೆ ಬರುವುದಿಲ್ಲ. ಅದರಲ್ಲಿ ಬಿಯರ್ ಹೊಸದಾಗಿ ಮಾಡಿಟ್ಟೆ. ನನ್ನ ರೂಮು ಬಿಸಿ. ತಣ್ಣಗಿದ್ದದ್ದು ಅಕ್ಕನ ಮನೆಯ ಮೆಟ್ಟಿಲ ಕೆಳಗೆ.

“ಇಡು. ದೇವರ ಮನೆ ಕಡೆ ಮಾತ್ರ ಮುಖ ಮಾಡ್ಬೇಡ,” ಎಂದರು. ಬಕೆಟ್ಟಿಗೆ ಯಾವ ಕಡೆ ಮುಖ ಎಂದು ನಾನು ಕೇಳಲಿಲ್ಲ.

ಮಾರನೆ ದಿನ ನನ್ನ ಬಾಗಿಲು ದಬದಬ ಬಡಿದರು. “ಏ, ಬಾರೋ! ಗುಳುಗುಳು ಅಂತಿದೆ!”

ಹತ್ತು ದಿನದ ಮೇಲೆ ಬಾಟಲಿಗೆ ತುಂಬಿಸಿದೆ. ಹುಟ್ಟುಹಬ್ಬದ ಬೆಳಿಗ್ಗೆ ಒಂದನ್ನು ತೆರೆದು ಅವರ ಮುಂದೆ ಹಿಡಿದೆ. ಕಣ್ಣು ಮುಚ್ಚಿ ಮೂಸಿದರು.

“ಬ್ರೆಡ್ ವಾಸನೆ. ಹುಳಿ ಇಲ್ಲ. ತಗೊಂಡ್ ಹೋಗು.”

ಹುಡುಗಿಯ ಅಪ್ಪ ಒಂದು ಗ್ಲಾಸ್ ಕುಡಿದರು. ಇನ್ನೊಂದು ಹಾಕು ಎಂದರು. ಆಮೇಲೆ, ಯಾವ ಪಾತ್ರೆಯಲ್ಲಿ ಮಾಡಿದೆ ಎಂದು ಕೇಳಿದರು. ಅವರು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಜನ್ಮದಲ್ಲಿ ಕುಡಿಯದ ಹೆಂಗಸು ಆರಿಸಿದ ಬಕೆಟ್ ಎಂದರೆ ನಂಬಲಿಲ್ಲ. ಮದುವೆಯ ದಿನ ಅಕ್ಕನನ್ನು ತಮ್ಮ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು ಭಾಷೆ ಬರದಿದ್ದರೂ ಒಂದು ಗಂಟೆ ಮಾತಾಡಿದರು…

ಗಂಡನ ಪರ್ಮಿಟ್ ಮುಗಿದು ಅಕ್ಕ ಮೈಸೂರಿಗೆ ವಾಪಸ್ ಹೋದರು. ಈಗ, ಕಳೆದ ತಿಂಗಳು, ತೀರಿಕೊಂಡರು. ಫೋನ್ ಬಂದ ದಿನ ನಮ್ಮ ಮಾವ ಊಟ ಬಿಟ್ಟರು. ನಾನು ಕೆಲಸಕ್ಕೆ ಹೋದೆ, ಆದರೆ ಅವತ್ತು ಏನು ಅಡುಗೆ ಮಾಡಿದೆನೋ ಗೊತ್ತಿಲ್ಲ. ಇನ್ನೇನೂ ಹೇಳುವುದಿಲ್ಲ. ಇಷ್ಟೇ.