ಮನೆಯವನಿಗೆ ವಿಮೆ ಯಾಕೆ

ಬಣ್ಣದ ಮೇಸ್ತ್ರಿಗೆ ವಿಮೆ ಎಂದರೆ ಆಗುತ್ತಿರಲಿಲ್ಲ. ಯಾರಾದರೂ ಆ ಮಾತು ಎತ್ತಿದರೆ ಮೂಗು ಮುರಿಯುತ್ತಿದ್ದ. ಬೀಳುತ್ತೇನೆ ಅಂತ ಮೊದಲೇ ದುಡ್ಡು ಕಟ್ಟಿ ಏಣಿ ಹತ್ತುವವನು ಹತ್ತುವುದಾದರೂ ಯಾಕೆ ಎಂಬುದು ಅವನ ವಾದ. ಬ್ರಷ್ಷು ಹಿಡಿದು ಇಷ್ಟು ವರ್ಷವಾದರೂ ಯಾವ ಗೋಡೆಯೂ ಅವನಿಗೆ ಮೋಸ ಮಾಡಿರಲಿಲ್ಲ. ಗೋಡೆಯ ಮಾಲೀಕರು ಮಾಡಿದ್ದರು, ಅದು ಬೇರೆ ಮಾತು.

ಅಂಥವನಿಗೆ ಒಂದು ದಿನ ಮೂರು ಮಹಡಿಯ ವಸತಿ ಕಟ್ಟಡದ ಹೊರಗೋಡೆಗೆ ಬಣ್ಣ ಹೊಡೆಯುವ ಗುತ್ತಿಗೆ ಸಿಕ್ಕಿತು. ಆದರೆ ಅಲ್ಲಿಯ ಮ್ಯಾನೇಜರು ಒಂದೇ ಪಟ್ಟು ಹಿಡಿದ. ವಿಮೆಯ ಕಾಪಿ ತೋರಿಸದೆ ಯಾವ ಗುತ್ತಿಗೆದಾರನೂ ಗೇಟಿನೊಳಗೆ ಏಣಿ ತರುವಂತಿಲ್ಲ. ಮೇಸ್ತ್ರಿ ಹಲ್ಲು ಕಿರಿದು ನೋಡಿದ, ಹಳೇ ಪರಿಚಯ ಹೇಳಿ ನೋಡಿದ, ಬೇಳೆ ಬೇಯಲಿಲ್ಲ. ಅಷ್ಟು ದೊಡ್ಡ ಕೆಲಸ ಅವನ ಕೈಗೆ ಹಿಂದೆಂದೂ ಬಂದಿರಲಿಲ್ಲ. ಅದನ್ನೇ ನಂಬಿಕೊಂಡು ಬಣ್ಣ ಸಿಂಪಡಿಸುವ ಹೊಸ ಮೆಷಿನ್ನನ್ನು ಬೇರೆ ತಂದಿಟ್ಟಿದ್ದ. ವಿಧಿಯಿಲ್ಲದೆ ವಿಮೆ ಏಜೆಂಟನಿಗೆ ಹೇಳಿ ಕಳಿಸಿದ.

ಏಜೆಂಟು ಬಂದು ಕೂತ ಕೋಣೆಯ ನಾಲ್ಕು ಗೋಡೆಗೆ ನಾಲ್ಕು ಬಣ್ಣ. ಊರವರ ಮನೆಗಳಲ್ಲಿ ಡಬ್ಬದ ತಳದಲ್ಲಿ ಉಳಿದದ್ದೆಲ್ಲ ಮೇಸ್ತ್ರಿಯ ಗೋಡೆಗೆ ಬರುತ್ತಿತ್ತು. ಮೂಲೆಯಲ್ಲಿ ಹೊಸ ಮೆಷಿನ್ನು, ಅದರ ಮೇಲೆ ಧೂಳು ಕೂರದಂತೆ ಹೆಂಡತಿಯ ಹಳೇ ಸೀರೆ ಹೊದಿಸಿತ್ತು. ಹಿತ್ತಲ ಬಾಗಿಲ ಬಳಿ ಬಾಮೈದ ಕುಕ್ಕರುಗಾಲಿನಲ್ಲಿ ಕೂತು ಬ್ರಷ್ಷು ತೊಳೆಯುತ್ತಿದ್ದ.

ಈ ಬಾಮೈದ ಮೇಸ್ತ್ರಿಯ ಹೆಂಡತಿಗೆ ಒಬ್ಬನೇ ತಮ್ಮ. ಮೀಸೆ ಮೂಡುವ ಮೊದಲೇ ಅಕ್ಕನ ಮನೆ ಸೇರಿದವನು, ಈಗ ಹಿಂದಿನ ಬೀದಿಯಲ್ಲಿ ಹೆಂಡತಿ ಮಗಳ ಜೊತೆ ಬಾಡಿಗೆ ಮನೆಯಲ್ಲಿದ್ದ. ಎತ್ತರದ ಕೆಲಸವೆಲ್ಲ ಅವನದೇ. ಅವನು ಮೇಲೆ ಹತ್ತುತ್ತಿದ್ದ, ಮೇಸ್ತ್ರಿ ಕೆಳಗೆ ಏಣಿಯ ಕಾಲು ಹಿಡಿದು ನಿಲ್ಲುತ್ತಿದ್ದ. ಇದು ಅವರಿಬ್ಬರ ಪದ್ಧತಿ, ಒಂದು ದಿನವೂ ತಪ್ಪಿದ್ದಿಲ್ಲ. ಇನ್ನೊಂದು ಪದ್ಧತಿಯೂ ಇತ್ತು. ಬಾಮೈದನಿಗೆ ಸಂಬಳವಿರಲಿಲ್ಲ. ಮನೆಯವನಿಗೆ ಸಂಬಳ ಕೊಟ್ಟರೆ ಅದು ಅವನಿಗೆ ಅವಮಾನ ಎನ್ನುತ್ತಿದ್ದ ಮೇಸ್ತ್ರಿ. ಬೇಕಾದಾಗ ಬೇಕಾದಷ್ಟು ಅಕ್ಕನ ಕೈಯಿಂದ ಇಸಿದುಕೊಳ್ಳಬೇಕು. ಕೇಳಲು ತಮ್ಮನಿಗೆ ಸಂಕೋಚ, ಕೇಳಿಸಿಕೊಳ್ಳಲು ಅಕ್ಕನಿಗೆ ಸಂಕಟ. ಮೇಸ್ತ್ರಿಗೆ ಮಾತ್ರ ನೆಮ್ಮದಿ.

"ನೋಡಿ ಮೇಸ್ತ್ರಿ, ಮೂರು ಥರ ಇದೆ," ಅಂದ ಏಜೆಂಟು. "ನಿಮ್ಮ ಕೆಲಸದಿಂದ ಬೇರೆಯವರ ವಸ್ತು ಹಾಳಾದ್ರೆ ಒಂದು. ನಿಮ್ಮ ಸಾಮಾನು, ಮೆಷಿನ್ನು ಹಾಳಾದ್ರೆ ಇನ್ನೊಂದು. ನಿಮ್ಮ ಕೆಲಸದವರಿಗೆ ಪೆಟ್ಟಾದ್ರೆ ಮತ್ತೊಂದು. ನಿಮಗೆ ಬೇಕಾದ್ದು ತಗೊಳ್ಳಿ."

ಮೊದಲನೆಯದಕ್ಕೆ ಮೇಸ್ತ್ರಿ ತಕ್ಷಣ ತಲೆಯಾಡಿಸಿದ. ಹಿಂದೆ ಒಮ್ಮೆ ಯಾರದೋ ಬಿಳಿ ಕಾರಿನ ಮೇಲೆ ನೀಲಿ ಬಣ್ಣ ತೊಟ್ಟಿಕ್ಕಿ, ಬೀದಿಯಲ್ಲಿ ಹತ್ತು ಜನರೆದುರು ಬೈಸಿಕೊಳ್ಳುತ್ತ ಸೀಮೆಎಣ್ಣೆಯಲ್ಲಿ ಒರೆಸಿದ್ದು ಅವನ ನೆನಪಿನಲ್ಲಿನ್ನೂ ಹಸಿಯಾಗಿತ್ತು. ಎರಡನೆಯದಕ್ಕೂ ಯೋಚಿಸಲಿಲ್ಲ. ಮೆಷಿನ್ನಿನ ಕಡೆ ಒಮ್ಮೆ ನೋಡಿ, "ಅದು ಹಾಕದೇ ಇರ್ತೀನಾ?" ಅಂದ.

"ಕೆಲಸದವರು ಎಷ್ಟು ಜನ?"

"ಯಾರೂ ಇಲ್ಲ."

ಏಜೆಂಟು ಹಿತ್ತಲ ಬಾಗಿಲ ಕಡೆ ಕತ್ತು ತಿರುಗಿಸಿದ. "ಮತ್ತೆ ಇವರು?"

"ಅವನು ನನ್ನ ಬಾಮೈದ ರೀ! ಕೆಲಸದವನಲ್ಲ, ಮನೆಯವನು."

"ಮನೆಯವರೇ ಸರಿ. ಏಣಿ ಹತ್ತೋದು ಇವರೇ ತಾನೇ?"

"ಮಗ ಅಪ್ಪನ ಜೊತೆ ದುಡಿದ್ರೆ ಕೂಲಿಯವನಾಗ್ತಾನಾ? ಮನೆಯವನಿಗೆ ವಿಮೆ ಯಾಕೆ? ನಾನಿಲ್ವಾ ಅವನಿಗೆ?"

ಅಡುಗೆಮನೆಯಿಂದ ಹೆಂಡತಿ ಚಹಾ ತಂದವಳು ಲೋಟ ಕುಕ್ಕಿದಳು. "ನನ್ನ ತಮ್ಮನ್ನ ಕೂಲಿಯವನು ಅಂತ ಬರ್ಕೊಂಡು ಹೋಗೋಕೆ ಬಂದ್ರಾ ನೀವು?"

"ಹಾಗಲ್ಲಮ್ಮ, ಸೇರಿಸಿದ್ರೆ ಒಳ್ಳೇದು. ಸ್ವಲ್ಪ ಜಾಸ್ತಿ ಆಗುತ್ತೆ, ಅಷ್ಟೇ."

ಬಾಮೈದ ಕೈ ಒರೆಸಿಕೊಳ್ಳುತ್ತ ಎದ್ದು ಬಂದ. ತನ್ನನ್ನು ಮನೆಯವನು ಅಂತ ಹೊರಗಿನವರ ಮುಂದೆ ಇಷ್ಟು ಗಟ್ಟಿಯಾಗಿ ಭಾವ ಹೇಳಿದ್ದು ಅವನಿಗೆ ಎಷ್ಟು ಹಿತವಾಗಿತ್ತೆಂದರೆ, ಕಿವಿಯೆಲ್ಲ ಕೆಂಪಾಗಿತ್ತು. "ಬಿಡಿ ಸಾರ್, ನಾನು ಬೀಳೋ ಪೈಕಿ ಅಲ್ಲ," ಅಂತ ನಕ್ಕ. "ಭಾವ ಕೆಳಗೆ ಏಣಿ ಹಿಡಿದಿರ್ತಾರಲ್ಲ."

ಮನೆಯ ಮೂವರೂ ನಕ್ಕರು. ಏಜೆಂಟು ಇನ್ನೇನು ಮಾಡಿಯಾನು, ಎರಡಕ್ಕೆ ಸಹಿ ಹಾಕಿಸಿಕೊಂಡು ಎದ್ದ. ಮೇಸ್ತ್ರಿಗೆ ಬಾಮೈದನ ಮೇಲೆ ಪ್ರೀತಿ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ 'ಸ್ವಲ್ಪ ಜಾಸ್ತಿ' ಎಂಬ ಮಾತು ಕಿವಿಗೆ ಬಿದ್ದಾಗ ಆ ಪ್ರೀತಿ ಇನ್ನಷ್ಟು ಉಕ್ಕಿತು ಎಂಬುದೂ ಸುಳ್ಳಲ್ಲ. ಪುಕ್ಕಟೆ ತೋರಿಸಬಹುದಾದ ಪ್ರೀತಿಯನ್ನು ಯಾರು ತಾನೇ ಬಿಡುತ್ತಾರೆ?

ಕಟ್ಟಡದ ಕೆಲಸ ಮುಗಿಯುತ್ತ ಬಂದಿತ್ತು. ಬಾಮೈದ ಎರಡನೇ ಮಹಡಿಯ ಕಿಟಕಿಯ ಸಜ್ಜದ ಹತ್ತಿರ ಏಣಿಯ ಮೇಲಿದ್ದ, ಬಲಗೈಯಲ್ಲಿ ಮೆಷಿನ್ನಿನ ಗನ್ನು, ಅದರ ಉದ್ದನೆಯ ಪೈಪು ಕೆಳಗಿನವರೆಗೂ ಇಳಿದಿತ್ತು. ಮೇಸ್ತ್ರಿ ಏಣಿ ಹಿಡಿದಿದ್ದ. ಅಷ್ಟರಲ್ಲಿ ಮೆಷಿನ್ನು ಗೊರಗೊರ ಎಂದು ಸದ್ದು ಮಾಡಿ, ಬುಡದಲ್ಲಿ ಬಣ್ಣ ಸೋರತೊಡಗಿತು. ಮೇಸ್ತ್ರಿಯ ಜೀವ ಬಾಯಿಗೆ ಬಂತು. ಹೊಸ ಮೆಷಿನ್ನು!

"ಒಂದೇ ನಿಮಿಷ, ಅಲ್ಲಾಡಬೇಡ," ಅಂತ ಕೂಗಿ ಏಣಿ ಬಿಟ್ಟು ಓಡಿದ.

ಓಡಿದವನು ಗಾಬರಿಯಲ್ಲಿ ಪೈಪು ಹಿಡಿದು ಎಳೆದ. ಮೇಲಿದ್ದವನ ಕೈಯೂ ಅದರ ಜೊತೆ ಬಂತು. ಏಣಿ ಪಕ್ಕಕ್ಕೆ ಜಾರಿ, ಕೆಳಗೆ ನಿಂತಿದ್ದ ಕಾರಿನ ನೆತ್ತಿಯನ್ನು ಜಜ್ಜಿ, ಮೆಷಿನ್ನನ್ನೂ ಉರುಳಿಸಿತು. ಬಾಮೈದ ಸಿಮೆಂಟಿನ ನೆಲಕ್ಕೆ ಬಲಭುಜ ಊರಿ ಬಿದ್ದ. "ಭಾವ" ಎಂದು ಒಮ್ಮೆ ಅಂದ.

ಜೀವಕ್ಕೇನೂ ಆಗಲಿಲ್ಲ. ಭುಜ, ಮೊಣಕೈ ಎರಡೂ ಪುಡಿಯಾಗಿದ್ದವು. ಡಾಕ್ಟರು ಆಪರೇಷನ್ನು ಮಾಡಿ, ಇನ್ನು ಆ ಕೈ ಎದೆಮಟ್ಟಕ್ಕಿಂತ ಮೇಲೆ ಏಳುವುದಿಲ್ಲ ಎಂದರು. ಬಣ್ಣ ಹೊಡೆಯುವವನಿಗೆ ಎದೆಯ ಮೇಲಕ್ಕೆ ಏಳದ ಕೈ ಇದ್ದರೆಷ್ಟು, ಬಿಟ್ಟರೆಷ್ಟು.

ಪೆಟ್ಟು ನೋಡಲು ವಿಮೆಯ ಕಂಪನಿಯಿಂದ ಒಬ್ಬರು ಬಂದರು. ಅವರು ನೋಡಲು ಬಂದದ್ದು ಕಾರಿನ ಪೆಟ್ಟು, ಮೆಷಿನ್ನಿನ ಪೆಟ್ಟು. ಎರಡರ ಫೋಟೋ ತೆಗೆದರು. ಮೇಸ್ತ್ರಿ ಅವರನ್ನು ಗೋಗರೆದು ಆಸ್ಪತ್ರೆಗೂ ಕರೆತಂದ. ಏಜೆಂಟೂ ಹಿಂದೆ ಬಂದ. ಮಂಚದ ಪಕ್ಕ ನಿಂತು ಕಂಪನಿಯವರು ಕೇಳಿದರು, "ಇವರು ಯಾರು?"

"ನನ್ನ ಕೆಲಸದವನು ಸಾರ್," ಅಂದ ಮೇಸ್ತ್ರಿ. ಧ್ವನಿ ವಾರ್ಡಿಗೆಲ್ಲ ಕೇಳುವಷ್ಟು ದೊಡ್ಡದಿತ್ತು. "ಕೂಲಿಯವನು. ದಿನಾ ನನ್ನ ಹತ್ರ ಕೂಲಿಗೆ ಬರ್ತಾನೆ."

"ಕೆಲಸದವರು ಯಾರೂ ಇಲ್ಲ ಅಂತ ಹೇಳಿದ್ದೀರಲ್ಲ."

ಏಜೆಂಟು ನೆಲ ನೋಡಿದ. ಮಂಚದ ಮೇಲಿದ್ದವನು ಭಾವನ ಮುಖವನ್ನು ಒಂದು ಗಳಿಗೆ ನೋಡಿ, ಗೋಡೆಯ ಕಡೆ ತಿರುಗಿಕೊಂಡ.

ಕಾರು ರಿಪೇರಿಯಾಗಿ ಹೊಳೆಯುತ್ತ ಬಂತು. ಮೆಷಿನ್ನಿಗೆ ಬೇಕಾದ ಬಿಡಿಭಾಗವೆಲ್ಲ ಹೊಸದಾಗಿ ಬಂತು. ಆಸ್ಪತ್ರೆಯ ಖರ್ಚನ್ನು ಮೇಸ್ತ್ರಿ ಅಲ್ಲಿ ಇಲ್ಲಿ ಕೈಯೊಡ್ಡಿ ತಾನೇ ಕಟ್ಟಿದ, ಅದರಲ್ಲಿ ಅವನು ಹಿಂದೆ ಸರಿಯಲಿಲ್ಲ, ಅಷ್ಟು ಒಪ್ಪಬೇಕು. ಹೆಂಡತಿ ಹೊತ್ತು ಹೊತ್ತಿಗೆ ಅನ್ನ ಹಾಕುತ್ತಿದ್ದಳು, ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಒಂದೇ ಒಂದು ಸಲ ಕೇಳಿದಳು, "ಏಣಿ ಯಾಕೆ ಬಿಟ್ರಿ?" ಅವನು, "ಮೆಷಿನ್ನು..." ಅಂದ. ಅವತ್ತು ಚಹಾ ಲೋಟ ಕುಕ್ಕಿದವಳು ತಾನೇ ಎಂಬುದು ಅವಳಿಗೂ ನೆನಪಿತ್ತು. ಅದಕ್ಕೇ ಬೈಯಲೂ ಬಾಯಿ ಬರುತ್ತಿರಲಿಲ್ಲ.

ಕಟ್ಟು ಬಿಚ್ಚಿದ ಮೇಲೆ ಮೇಸ್ತ್ರಿಯೇ ಹಿಂದಿನ ಬೀದಿಗೆ ಹೋದ. "ಬಂದುಬಿಡೋ. ನೀನು ಕೆಳಗೆ ಏಣಿ ಹಿಡ್ಕೊಂಡು ನಿಲ್ಲು, ಸಾಕು. ಮೇಲೆ ನಾನು ಹತ್ತೀನಿ."

ಬಾಮೈದ ಎಡಗೈಯಿಂದ ಬಲಗೈಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಕೇಳಿದ, "ಸಂಬಳ ಎಷ್ಟು ಕೊಡ್ತೀರಿ?"

ಮೇಸ್ತ್ರಿಗೆ ಚಪ್ಪಲಿಯಲ್ಲಿ ಹೊಡೆದಂತಾಯಿತು. "ನನ್ನ ಹತ್ರ ಸಂಬಳ ಕೇಳೋ ಹಾಗಾದ್ಯಾ? ಮಗನ ಹಾಗೆ ಸಾಕಿದ್ದೆ ನಿನ್ನ!" ಅಂತ ರೇಗಿ, ಕೊಟ್ಟ ನೀರನ್ನೂ ಕುಡಿಯದೆ ಎದ್ದು ಬಂದ. ಇಷ್ಟಾದರೂ ಆ ಮನುಷ್ಯನ ತಲೆಗೆ ಹೋಗಬೇಕಾದ್ದು ಹೋಗಿರಲಿಲ್ಲ.

ಮರುವರ್ಷ ಅದೇ ಕಟ್ಟಡದ ಕಾಂಪೌಂಡಿಗೆ ಬಣ್ಣ ಬೇಕಾಯಿತು. ಮೇಸ್ತ್ರಿ ಈ ಸಲ ಕೂಲಿಗೆ ಇಬ್ಬರನ್ನು ಗೊತ್ತುಮಾಡಿದ್ದ. ವಿಮೆಯನ್ನೂ ಮೂರೂ ಥರದ್ದು ತೆಗೆದುಕೊಂಡಿದ್ದ, ಜಾಸ್ತಿ ಎಷ್ಟಾಗುತ್ತದೆ ಅಂತ ಕೂಡ ಕೇಳಿರಲಿಲ್ಲ. ಮೆಷಿನ್ನು, ಏಣಿ ಹೊರಿಸಿಕೊಂಡು ಗೇಟಿನ ಮುಂದೆ ಬಂದು ನಿಂತ. ಒಳಗಿನ ಸ್ಟೂಲಿನಿಂದ ಕಾವಲುಗಾರ ಎದ್ದು ಬಂದ. ಖಾಕಿ ಅಂಗಿ, ಜೋತುಬಿದ್ದ ಬಲಗೈ. ಅವನ ಜನ್ಮದಲ್ಲಿ ತಿಂಗಳ ಸಂಬಳ ಅಂತ ಕೊಟ್ಟವರು ಆ ಮ್ಯಾನೇಜರೇ ಮೊದಲು.

ಮೇಸ್ತ್ರಿಗೆ ಇದು ಗೊತ್ತಿರಲಿಲ್ಲ. ಮನೆಯಲ್ಲಿ ಹೇಳುವವಳು ಹೇಳಿರಲಿಲ್ಲ.

"ಚೆನ್ನಾಗಿದ್ದೀಯೇನೋ?" ಅಂದ.

"ಇನ್ಶೂರೆನ್ಸ್ ಕಾಪಿ ತೋರಿಸಿ."

"ನಾನು ಕಣೋ..."

"ಗೊತ್ತು. ಇಲ್ಲಿ ಎಲ್ಲರಿಗೂ ಒಂದೇ ರೂಲ್ಸು."

ಮೇಸ್ತ್ರಿ ಕಾಪಿ ಚಾಚಿದ. ಬಾಮೈದ ಎಡಗೈಯಲ್ಲಿ ಅದನ್ನು ಹಿಡಿದು, ಹಿಂದೆ ಏಣಿ ಹೊತ್ತು ನಿಂತ ಇಬ್ಬರನ್ನೂ ನೋಡಿದ. ಊರೆಲ್ಲ ಮೇಸ್ತ್ರಿ ಅಂತ ಕರೆಯುವವನನ್ನು ಭಾವ ಎನ್ನುತ್ತಿದ್ದವನು ಅವನೊಬ್ಬನೇ.

"ಇವರಿಬ್ರೂ ಇದರಲ್ಲಿ ಇದಾರಾ, ಮೇಸ್ತ್ರಿ?"

ಮೇಸ್ತ್ರಿ ಹಿಂದೆ ತಿರುಗಿ ಆ ಇಬ್ಬರನ್ನು ನೋಡಿದ. "ಇದಾರೆ," ಅಂದ.

"ಸರಿ ಹಾಗಾದ್ರೆ," ಎಂದು ಬಾಮೈದ ಕಾಪಿ ಹಿಂದಿರುಗಿಸಿ, ಎಡಗೈಯಲ್ಲೇ ಗೇಟು ತೆಗೆದ.