ಸೊನ್ನೆ ಫಲಿತಾಂಶ ಮತ್ತು ಸಂತೋಷನ ತೋರುಬೆರಳು

ಮೂರು ವರ್ಷದ ಹಿಂದಿನ ಮಾತು. ಆಗ ನಾನು ಪುಣೆಯ ಒಂದು ಆಸ್ಪತ್ರೆಯಲ್ಲಿ ಗ್ರಂಥಪಾಲಕಿ. ವೈದ್ಯರು ಕೇಳಿದ ವಿಷಯಕ್ಕೆ ಡೇಟಾಬೇಸ್‌ಗಳಲ್ಲಿ ಸಂಶೋಧನಾ ಲೇಖನ ಹುಡುಕಿಕೊಡುವುದು ನನ್ನ ಕೆಲಸ. ಇಪ್ಪತ್ತು ವರ್ಷ ಅದನ್ನೇ ಮಾಡಿದವಳೆಂಬ ಕೊಬ್ಬೂ ಸ್ವಲ್ಪ ಇತ್ತು ಅನ್ನಿ.

ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಆಸ್ಪತ್ರೆಯ ಸರ್ಜನ್, ಬೆಳಗಾವಿ ಕಡೆಯ ಕುಲಕರ್ಣಿಯವರ ಫೋನ್ ಬಂತು. ಪುಣೆ ಹತ್ತಿರದ ಚಾಕಣದ ಕಾರ್ಖಾನೆಯೊಂದರ ಆಪರೇಟರ್ ಸಂತೋಷನ ತೋರುಬೆರಳಿಗೆ ಪ್ರೆಷರ್ ಗನ್ನಿನಿಂದ ಯಂತ್ರ ತೊಳೆಯುವ ದ್ರಾವಕ ನುಗ್ಗಿತ್ತು. ಹೊರಗೆ ಸೂಜಿಮೊನೆಯಷ್ಟು ಗಾಯ, ಒಳಗೆ ಅಂಗೈವರೆಗೆ ವಿಷ.

"ಅರ್ಧಾ ತಾಸಿನ್ಯಾಗ ಥಿಯೇಟರಿಗೆ ಒಯ್ತೀವ್ರಿ. ಇಂಥಾ ಬೆರಳು ಯಾರಾದ್ರೂ ಉಳಿಸ್ಯಾರೇನು, ನೋಡ್ರಿ."

ದ್ರಾವಕದ ಹೆಸರು, ಗನ್, ತೋರುಬೆರಳು, ಕಾರ್ಖಾನೆ ಎಲ್ಲವನ್ನೂ 'ಆ್ಯಂಡ್' ಹಾಕಿ ಪೋಣಿಸಿದೆ. ಹಾಗೆ ಮಾಡಿದರೆ ಅಷ್ಟೂ ಪದಗಳು ಒಂದೇ ಲೇಖನದಲ್ಲಿ ಇರಲೇಬೇಕು. ಫಲಿತಾಂಶ ಸೊನ್ನೆ. ಪದ ಹಿಂದುಮುಂದು ಮಾಡಿದರೂ ಸೊನ್ನೆ.

"ಏನೂ ಇಲ್ರಿ, ಡಾಕ್ಟರ್," ಎಂದು ಫೋನ್ ಮಾಡಿ ಹೇಳಿದೆ.

"ಇಲ್ಲಾ ಅಂದ್ರ ಬೆರಳು ತಗದುಬಿಡ್ತೀನ್ರಿ. ಖಾತ್ರಿ ಅದ?"

ಇನ್ನು ಹತ್ತು ನಿಮಿಷ ಕೊಡಿ ಎಂದು ಕೇಳಿಕೊಂಡು ಫೋನ್ ಇಟ್ಟೆ.

ಆಗ ಕಣ್ಣಿಗೆ ಬಿದ್ದವು, ಪರದೆಯ ಎಡಗಡೆಯ ಎರಡು ಟಿಕ್ ಗುರುತುಗಳು: ಕಳೆದ ಐದು ವರ್ಷದ್ದು ಮಾತ್ರ, ಪೂರ್ತಿ ಉಚಿತವಾಗಿ ತೆರೆಯುವುದು ಮಾತ್ರ. ಹಳೆಯದು ಯಾಕೆ, ತೆರೆಯದ್ದು ಯಾಕೆ ಎಂದು ವೈದ್ಯರು ಗೊಣಗುತ್ತಾರೆಂದು ನಾನೇ ಅವನ್ನು ಕಾಯಂ ಮಾಡಿಟ್ಟಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಎರಡನ್ನೂ ತೆಗೆದೆ. ಕಾರ್ಖಾನೆ ಎಂಬ ಪದವನ್ನು ಕಿತ್ತುಹಾಕಿದೆ. ಒತ್ತಡದಿಂದ ಒಳನುಗ್ಗಿದ ಗಾಯ, ಕೈ ಅಥವಾ ಬೆರಳು, ದ್ರಾವಕ ಎಂಬ ಮೂರೇ ಸಂಗತಿ ಉಳಿಸಿಕೊಂಡೆ. ಒಂದೊಂದಕ್ಕೂ ಇರುವ ಬೇರೆ ಬೇರೆ ಹೆಸರುಗಳನ್ನು 'ಆರ್' ಹಾಕಿ ಸೇರಿಸಿದೆ. ಅವುಗಳಲ್ಲಿ ಯಾವುದೊಂದು ಇದ್ದರೂ ಲೇಖನ ಸಿಗುತ್ತದೆ. ಅವಸರಕ್ಕೆ ಟೈಪಿಂಗ್ ತಪ್ಪುತ್ತಿತ್ತು, ದೇವರೇ ಎನ್ನುತ್ತ ಮತ್ತೆ ಹೊಡೆಯುತ್ತಿದ್ದೆ.

ಪಟ್ಟಿ ಬಂತು. ಹಳೆಯ ಮೂರು ಪ್ರಕರಣಗಳ ವರದಿ, ಸಾರಾಂಶ ಮಾತ್ರ ತೆರೆಯಿತು. ತಕ್ಷಣ ಕೊಯ್ದು, ಮತ್ತೆ ಮತ್ತೆ ತೊಳೆದು ಎರಡರಲ್ಲಿ ಬೆರಳು ಉಳಿಸಿದ್ದರು. ಒಂದು ಉಳಿದಿರಲಿಲ್ಲ. ಅದನ್ನೂ ಸೇರಿಸಿ ಫೋನಿನಲ್ಲಿ ಓದಿ ಹೇಳಿದೆ.

"ಸಾಕ್ರಿ. ಮೊದಲ ತೊಳದು ನೋಡ್ತೀನಿ," ಎಂದರು.

ನಾಲ್ಕು ತಿಂಗಳ ಮೇಲೆ, ಕುಲಕರ್ಣಿಯವರಿಂದ ವಿಷಯ ತಿಳಿದು, ಸಂತೋಷ ಪೇಢೆ ಹಿಡಿದು ಗ್ರಂಥಾಲಯಕ್ಕೇ ಬಂದ. ಏನು ಒತ್ತಿದಿರಿ ಮ್ಯಾಡಮ್ ಎಂದು ಮರಾಠಿಯಲ್ಲಿ ಕೇಳಿ, ಪೂರ್ತಿ ಮಡಚಲು ಬಾರದ ಆ ಬೆರಳನ್ನೇ ಪರದೆಯ ಕಡೆ ಚಾಚಿದ. ನಾನು ಪೇಢೆ ತೆಗೆದುಕೊಂಡೆ. ಮೊದಲು ಏನೂ ಇಲ್ಲ ಎಂದವಳೂ ನಾನೇ ಎಂದು ಹೇಳುವ ಧೈರ್ಯ ಬರಲಿಲ್ಲ.

ಅಂದಿನಿಂದ ಯಾವ ವೈದ್ಯರಿಗೂ 'ಇಲ್ಲ' ಎಂದು ಬರೆದುಕೊಟ್ಟಿಲ್ಲ. 'ಹೀಗೆ ಹುಡುಕಿದೆ, ನನಗೆ ಸಿಗಲಿಲ್ಲ' ಎಂದು ಬರೆಯುತ್ತೇನೆ.