ತಂಗಿಯ ಕೋಣೆಯ ಹವಳ

ತಂಗಿಗೆ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಮದುವೆಯಾಯಿತು. ಗಂಡ ಮಾನ್ವಿಯಲ್ಲಿ ತೌಡಿನ ವ್ಯಾಪಾರ ಮಾಡುವವರು. ಮೊದಲ ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಒಳ್ಳೆಯ ಮನುಷ್ಯ, ತುಂಬಿದ ಮನೆ. ಅವಳ ಮದುವೆಗೆ ಮುಂಚೆ ಹದಿನಾಲ್ಕು ವರ್ಷ ರಾಯಚೂರಿನ ಈ ಮನೆಯಲ್ಲಿ ನಾವಿಬ್ಬರೇ ಇದ್ದೆವು. ನಾನು ಬೆಳಿಗ್ಗೆ ದೇವದುರ್ಗದ ಬಸ್ಸು ಹಿಡಿದು ಕಾಲೇಜಿಗೆ ಹೋಗಿ ಜೀವಶಾಸ್ತ್ರ ಪಾಠ ಹೇಳಿ ಸಂಜೆ ಮರಳುತ್ತಿದ್ದೆ. ಅವಳು ತನ್ನ ಕೋಣೆಯಲ್ಲಿ ಓಣಿಯ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದಳು. ಮದುವೆಯಾದ ವಾರಕ್ಕೆ ಟೆಂಪೊ ಬಂದು ಅವಳ ಮಂಚ, ಟ್ರಂಕು, ಹೊಲಿಗೆ ಯಂತ್ರ ಒಯ್ದಿತು. ಕೋಣೆ ಗುಡಿಸಿದಾಗ ಮೊರದಲ್ಲಿ ಬಣ್ಣಬಣ್ಣದ ದಾರದ ತುಂಡುಗಳು ಬಂದವು. ಆಮೇಲೆ ಆ ಕೋಣೆಯ ಬಾಗಿಲು ಮುಂದೆ ಮಾಡಿಯೇ ಇಡುತ್ತಿದ್ದೆ.

ಆ ವರ್ಷ ಕಾಲೇಜಿನಲ್ಲಿ ಹವಳದ ಪಾಠ ಬಂದಾಗ ಎಂದಿನಂತೆ ಹಲಗೆಯ ಮೇಲೆ ಚಿತ್ರ ಬರೆದೆ. ಸಮುದ್ರದಲ್ಲಿ ಒಂದು ಕಡೆ ಅಂಟಿಕೊಂಡು ಕೂತಿರುವ ಪ್ರಾಣಿ, ಮಿದುಳಿಲ್ಲ, ಒಂದೇ ಬಾಯಿ, ಸುತ್ತ ಎಳೆಗಳು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ನೀವು ನೋಡೀರೇನ್ರೀ ಮೇಡಂ?" ಎಂದು ಕೇಳಿದಳು. ಅವಳ ಧ್ವನಿಯಲ್ಲಿ ಕೊಂಕಿರಲಿಲ್ಲ. ಇಪ್ಪತ್ತೆರಡು ವರ್ಷ ಆ ಪಾಠ ಹೇಳಿದ್ದೆ. ಸಮುದ್ರವನ್ನೇ ಒಂದು ಸಲ, ಕಾಲೇಜಿನ ಪ್ರವಾಸದಲ್ಲಿ, ಬಸ್ಸಿನ ಕಿಟಕಿಯಿಂದ ನೋಡಿದ್ದು. "ಇಲ್ಲಮ್ಮಾ, ನೋಡಿಲ್ಲ," ಎಂದೆ. ಮನೆಗೆ ಬರುವ ಬಸ್ಸಿನಲ್ಲಿ ಪೂರ್ತಿ ಅದೇ ತಲೆಯಲ್ಲಿತ್ತು. ಮನೆಯಲ್ಲಿ ಉಪ್ಪುನೀರಿನ ತೊಟ್ಟಿ ಇಟ್ಟು ಹವಳ ಬೆಳೆಸುವವರಿದ್ದಾರೆ ಎಂದು ಫೋನಿನಲ್ಲಿ ಎಂದೋ ನೋಡಿದ್ದೆ. ಅವತ್ತು ಬಾಗಿಲು ತೆರೆದು ತಂಗಿಯ ಕೋಣೆಯ ಗೋಡೆಯ ಅಳತೆ ತೆಗೆದುಕೊಂಡೆ.

ಶೋಕೇಸು ಮಾಡುವ ಗಾಜಿನಂಗಡಿಯವರು ಮೂರಡಿ ಉದ್ದದ ತೊಟ್ಟಿ ಅಂಟಿಸಿಕೊಟ್ಟರು. ಅದರ ಕೆಳಗೆ ನೀರು ಸೋಸಲು ಇನ್ನೊಂದು ಚಿಕ್ಕ ತೊಟ್ಟಿ. ಎರಡನ್ನೂ ಹೊರಲು ಕಬ್ಬಿಣದ ಚೌಕಟ್ಟು ಬೆಸುಗೆ ಹಾಕಿಸಿದೆ. ಕಷ್ಟವಾದದ್ದು ನೀರು. ನಮ್ಮ ಬೋರಿನ ನೀರು ಮೊದಲೇ ಸವುಳು. ಹವಳಕ್ಕೆ ಅದು ನಡೆಯುವುದಿಲ್ಲ. ಅದರಲ್ಲಿರುವುದನ್ನೆಲ್ಲ ಸೋಸಿ ತೆಗೆದು, ಬರಿ ನೀರು ಮಾಡಿಕೊಂಡು, ಆಮೇಲೆ ಪೊಟ್ಟಣದಲ್ಲಿ ಬರುವ ಸಮುದ್ರದ ಉಪ್ಪನ್ನು ಅಳೆದು ಕಲಸಬೇಕು. ಪಕ್ಕದ ಮನೆಯ ಅಮ್ಮ ಬಕೆಟ್ಟಿನ ಮುಂದೆ ಕೂತ ನನ್ನನ್ನು ನೋಡಿ, "ಇದ್ದ ಉಪ್ಪು ತಗದು ಮತ್ತ ಉಪ್ಪು ಹಾಕೋದ್ಯಾಕ್ರೀ?" ಎಂದರು. ಹವಳ ಬೆಳೆಸಲು ಎಂದು ಹೇಳಿದೆ. ಅವರು ಕತ್ತಿನ ತಾಳಿಸರ ಎತ್ತಿ ತೋರಿಸಿ, "ಇವೇನು? ಬೆಳದ ಮ್ಯಾಲ ನನಗ ಎರಡು ಕೊಡ್ರಿ, ಒಂದು ಒಡದದ," ಎಂದರು. ಇದು ಪೋಣಿಸುವ ಹವಳವಲ್ಲ, ಮೆತ್ತಗಿನ ಜಾತಿ, ಗಟ್ಟಿ ಹವಳ ಮನೆಯಲ್ಲಿಡಲು ಕಾನೂನು ಬಿಡುವುದಿಲ್ಲ ಎಂದು ವಿವರಿಸಿದೆ. ಪೋಣಿಸಲು ಬಾರದ ಹವಳ ಯಾಕೆ ಎಂಬ ಪ್ರಶ್ನೆ ಅವರ ಮುಖದಲ್ಲೇ ಉಳಿಯಿತು.

ತೊಟ್ಟಿಯಲ್ಲಿ ಕಲ್ಲು ಜೋಡಿಸಿ ನೀರು ತುಂಬಿದ ಮೇಲೆ ಆರು ವಾರ ಸುಮ್ಮನೆ ಕಾಯಬೇಕಾಯಿತು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಕಲ್ಲಿನಲ್ಲಿ ನೆಲೆಯಾಗುವವರೆಗೆ ಏನನ್ನೂ ಬಿಡುವಂತಿಲ್ಲ. ಸಂಜೆ ಬಂದು ಊಟದ ತಟ್ಟೆ ಹಿಡಿದು ಅದರ ಮುಂದೆ ಕೂರುತ್ತಿದ್ದೆ. ಕಲ್ಲು, ನೀರು, ಪಂಪಿನ ಗುಂಯ್ ಸದ್ದು. ಮಾತಾಡುವವರು ಯಾರೂ ಇಲ್ಲದ ಮನೆಯಲ್ಲಿ ಆ ಸದ್ದೇ ಒಂದು ಆಸರೆಯಾಗಿತ್ತೆಂದರೆ ನಗಬಾರದು. ದಿನ ಬಿಟ್ಟು ದಿನ ನೀರಿಗೆ ರಾಸಾಯನಿಕದ ಹನಿ ಹಾಕಿ ಬಣ್ಣ ನೋಡುತ್ತಿದ್ದೆ. ನೀರಿನಲ್ಲಿ ಅಮೋನಿಯಾ ವಿಷವಿದೆಯೆಂದು ತೋರಿಸುವ ಬಣ್ಣ ಪೂರ್ತಿ ಹೋದ ದಿನ ತಂಗಿಗೆ ಫೋನು ಮಾಡಿದೆ. ಅವಳ ಹಿಂದೆ ಮಕ್ಕಳ ಗಲಾಟೆ, ಪಾತ್ರೆ ಸದ್ದು. "ಚಲೋ ಆತಕ್ಕಾ, ಆಮ್ಯಾಲ ಮಾತಾಡ್ತೀನಿ," ಎಂದಳು. ಅವಳ ಕೋಣೆಯಲ್ಲೇ ತೊಟ್ಟಿ ಇಟ್ಟಿದ್ದೇನೆ ಎಂದು ನಾನು ಹೇಳಿರಲಿಲ್ಲ.

ಒಂದು ಭಾನುವಾರ ಹೈದರಾಬಾದಿಗೆ ಹೋಗಿ ಹವಳ ತಂದೆ. ಅಂಗಿಯ ಗುಂಡಿಯಷ್ಟಗಲದ ಹಸಿರು ಹೂವುಗಳ ಒಂದು ಗೊಂಚಲು, ಅಣಬೆಯಂಥದೊಂದು, ಎರಡು ಚಿಕ್ಕ ಕಿತ್ತಳೆ ಮೀನು, ಪಾಚಿ ತಿನ್ನುವ ಐದು ಬಸವನಹುಳ. ರೈಲಿನಲ್ಲಿ ಥರ್ಮೋಕೋಲ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಎದುರಿನವರು ಔಷಧವೇ ಎಂದು ಕೇಳಿದರು. ಹೌದೆಂದುಬಿಟ್ಟೆ. ಮರುದಿನ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುಂಚೆ ಕೋಣೆಗೆ ಹೋದರೆ ಹಸಿರು ಗೊಂಚಲು ಅರಳಿ ನಿಂತಿತ್ತು. ಪ್ರತಿಯೊಂದಕ್ಕೂ ರೆಪ್ಪೆಗೂದಲಿನಂಥ ಎಳೆ, ನಡುವೆ ಒಂದು ಸಣ್ಣ ಬಾಯಿ. ಹಲಗೆಯ ಮೇಲೆ ಬರೆದು ಬರೆದು ನನ್ನ ಕೈಗೆ ಚಿರಪರಿಚಿತವಾಗಿದ್ದ ಆಕಾರ ಅದೇ. ಅವತ್ತಿನ ಬಸ್ಸು ತಪ್ಪಿತು.

ಫೆಬ್ರವರಿ ಕಳೆಯುತ್ತಲೇ ಬಿಸಿಲು ಏರತೊಡಗಿತು. ಹವಳಕ್ಕೆ ನೀರು ಇಪ್ಪತ್ತಾರು ಡಿಗ್ರಿಯ ಆಸುಪಾಸು ಇರಬೇಕು. ನಮ್ಮ ಊರಿನಲ್ಲಿ ನಲ್ಲಿಯ ನೀರೇ ಕೈ ಸುಡುತ್ತದೆ. ಫ್ಯಾನು ಹಚ್ಚಿದೆ, ಕಿಟಕಿಗೆ ಒದ್ದೆ ಚಾದರ ಕಟ್ಟಿದೆ, ಕರೆಂಟು ಹೋದೀತೆಂದು ಪಂಪಿಗೆ ಬ್ಯಾಟರಿ ಜೋಡಿಸಿದೆ. ಆದರೂ ಮೂವತ್ತೊಂದಕ್ಕೆ ಬಂತು. ತಂಗಿಗೆ ಹೇಳಿಕೊಂಡಾಗ, "ನಮ್ಮ ಮನಿ ಫ್ರಿಜ್ಜು ರಿಪೇರಿ ಮಾಡೋ ಮಿಸ್ತ್ರಿ ಒಬ್ಬರು ಅದಾರಕ್ಕಾ. ಕೈ ಭಾಳ ಚಲೋ ಅದ. ನಾ ಕಳಸ್ತೀನಿ," ಎಂದಳು.

ಮಿಸ್ತ್ರಿ ಮಾನ್ವಿಯಿಂದ ಬಂದರು. ಅರವತ್ತರ ಆಸುಪಾಸಿನವರು, ಮಿತಮಾತಿನವರು. ಹಳೆಯ ವಾಟರ್ ಕೂಲರಿನ ಯಂತ್ರ ತಂದು, ತಂಪು ಹರಿಯುವ ತಾಮ್ರದ ಕೊಳವೆಯನ್ನು ಸುರುಳಿ ಸುತ್ತಿ ಕೆಳಗಿನ ತೊಟ್ಟಿಯ ನೀರಿಗೆ ಇಳಿಬಿಟ್ಟರು. ಸಂಜೆಯ ಹೊತ್ತಿಗೆ ನೀರು ಇಪ್ಪತ್ತಾರಕ್ಕೆ ಇಳಿಯಿತು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಅವರಿಗೆ ಎರಡು ಸಲ ಚಹಾ ಮಾಡಿಕೊಟ್ಟೆ.

ಎಂಟು ದಿನಕ್ಕೆ ಬಸವನಹುಳಗಳು ಗಾಜಿನಿಂದ ಕಳಚಿ ಬಿದ್ದವು. ಹಸಿರು ಹೂವುಗಳು ಮುಚ್ಚಿಕೊಂಡವು, ಮತ್ತೆ ತೆರೆಯಲಿಲ್ಲ. ಅಣಬೆ ಹವಳ ಕರಗಿ ಲೋಳೆಯಾಗಿ ನಾರಿತು. ಬಿಸಿಲಿಗೆ ಇರಬೇಕೆಂದು ಯಂತ್ರವನ್ನು ಇನ್ನೂ ಹೆಚ್ಚು ಹೊತ್ತು ಓಡಿಸಿದೆ. ಕೊನೆಗೆ ಕೆಳಗಿನ ತೊಟ್ಟಿ ತೊಳೆಯಲು ಹೋದಾಗ ತಾಮ್ರದ ಸುರುಳಿಯ ಮೇಲೆ ಹಸಿರು ಕಿಲುಬು ಕಂಡಿತು. ಅಲ್ಲೇ ನೆಲದ ಮೇಲೆ ಕೂತೆ. ನಮ್ಮಪ್ಪ ಗದ್ದೆಗಳಿಗೆ ಕಾಲುವೆಯ ನೀರು ಬಿಡುವ ನೀರುಗಂಟಿಯಾಗಿದ್ದ. ಅವ್ವ ಚೀಕಲಪರ್ವಿಯ ಸುತ್ತಿನ ಗದ್ದೆಗಳಲ್ಲಿ ನಾಟಿಗೆ ಹೋಗುತ್ತಿದ್ದಳು. ಗದ್ದೆಗೆ ಮೈಲುತುತ್ತ ಹಾಕಿದರೆ ಬಸವನಹುಳ ಸಾಯುವುದನ್ನು ಚಿಕ್ಕವಳಿದ್ದಾಗ ಕಣ್ಣಾರೆ ಕಂಡವಳು ನಾನು. ಮೈಲುತುತ್ತವೆಂದರೆ ತಾಮ್ರವೇ ಎಂದು ಮಕ್ಕಳಿಗೆ ಹೇಳಿಕೊಡುವವಳೂ ನಾನೇ. ಮಿಸ್ತ್ರಿಗೆ ಅದು ಗೊತ್ತಿರಬೇಕಾದ ವಿಷಯವಲ್ಲ, ನನಗೆ ಗೊತ್ತಿರಬೇಕಾದದ್ದು. ಎರಡು ಮೀನು ಮಾತ್ರ ಏನೂ ಆಗದವರಂತೆ ಓಡಾಡುತ್ತಿದ್ದವು.

ಅದೇ ಸಿಟ್ಟಿನಲ್ಲಿ ತಂಗಿಗೆ ಫೋನು ಹಚ್ಚಿದೆ.

"ತಾಮ್ರದ ವಿಷಕ್ಕ ಎಲ್ಲಾ ಸತ್ತವು. ನೀ ಕಳಿಸಿದ ಮಿಸ್ತ್ರಿ ಕೈಗುಣ."

"ಅಯ್ಯ, ಏನಾತಕ್ಕಾ?"

"ನೀ ಬಿಟ್ಟು ಹೋದದ್ದು ಸಾಲಲಿಲ್ಲ ಅಂತ ಇದನ್ನೂ ಕಳಿಸಿದೇನು?"

ಆ ಮಾತು ಬಾಯಿಂದ ಬಂದ ಮೇಲೆ ನನಗೇ ಕೇಳಿಸಿತು. ಅವಳು "ತಪ್ಪಾತಕ್ಕಾ," ಎಂದು ಫೋನು ಇಟ್ಟಳು.

ಆಮೇಲೆ ನಾಲ್ಕು ತಿಂಗಳು ನಮ್ಮ ನಡುವೆ ಮಾತಿರಲಿಲ್ಲ. ಮೀನುಗಳನ್ನು ಪ್ಲಾಸ್ಟಿಕ್ ಟಬ್ಬಿಗೆ ಹಾಕಿ, ತಾಮ್ರ ಹೀರಿದ ಕಲ್ಲುಗಳನ್ನು ಹೊರಗೆಸೆದು, ತೊಟ್ಟಿ ತೊಳೆದು ಒಣಗಲು ಬಿಟ್ಟೆ. ಪರೀಕ್ಷೆಗಳು ಮುಗಿದವು, ರಜೆ ಬಂತು. ಎರಡು ದಿನ, ಮೂರು ದಿನ ಒಂದು ಮಾತೂ ಆಡದೆ ಕಳೆದದ್ದುಂಟು. ತರಕಾರಿಯವಳು ಬಾಗಿಲಲ್ಲಿ ಕೇಳಿದಾಗ ನನ್ನ ಗಂಟಲು ಕಟ್ಟಿಕೊಂಡಿರುವುದು ತಿಳಿಯುತ್ತಿತ್ತು. ಎಷ್ಟೋ ಸಲ ಫೋನು ಕೈಗೆತ್ತಿಕೊಂಡೆ. ಕ್ಷಮೆ ಕೇಳುವುದು ಹಿರಿಯವಳಾದ ನಾನು ಕಲಿತದ್ದಲ್ಲ. ಅವಳ ಹೆಸರು ನೋಡಿ ಕೆಳಗಿಡುತ್ತಿದ್ದೆ.

ಆಗಸ್ಟಿನ ಒಂದು ಭಾನುವಾರ ಮುಂಜಾನೆ ಬಾಗಿಲು ಬಡಿದ ಸದ್ದಾಯಿತು. ಮಿಸ್ತ್ರಿ ನಿಂತಿದ್ದರು. ಆಟೋದಲ್ಲಿ ಥರ್ಮೋಕೋಲ್ ಸುತ್ತಿದ ದೊಡ್ಡ ಡಬ್ಬಿ.

"ಸಿಟ್ಟಾಗಬ್ಯಾಡ್ರಿ ಮೇಡಂ. ಒಂದು ಸಲ ನೋಡ್ರಿ, ಬ್ಯಾಡಾದ್ರ ಒಯ್ತೀನಿ," ಎಂದರು.

ಡಬ್ಬಿಯಲ್ಲಿ ಬರಿ ನೀರು, ಅದರಲ್ಲಿ ತಾಮ್ರದ ಸುರುಳಿ. ಅದೇ ನೀರಿನಲ್ಲಿ ಬೇರೆಯಾಗಿ ಮುಳುಗಿದ ಉದ್ದನೆಯ ಪ್ಲಾಸ್ಟಿಕ್ ಕೊಳವೆ. ನನ್ನ ತೊಟ್ಟಿಯ ಉಪ್ಪುನೀರು ಆ ಪ್ಲಾಸ್ಟಿಕ್ ಕೊಳವೆಯೊಳಗೇ ಹರಿದು, ತಣ್ಣಗಾಗಿ ಮರಳಬೇಕು.

"ತಾಮ್ರ ಒಂದು ಕಡಿ, ನಿಮ್ಮ ನೀರು ಒಂದು ಕಡಿ. ಒಂದರ ಮಾರಿ ಒಂದು ನೋಡಂಗಿಲ್ಲ," ಎಂದರು. ಆಮೇಲೆ ಒಣಗಿದ ತೊಟ್ಟಿಯ ಕಡೆ ನೋಡುತ್ತ, "ಉಪ್ಪು ನೀರು ತಾಮ್ರ ತಿಂತದ ಅಂತ ನನಗ ಗೊತ್ತಿತ್ತು. ಆ ತಾಮ್ರ ಜೀವಾ ತಿಂತದ ಅಂತ ಗೊತ್ತಿರಲಿಲ್ರಿ," ಎಂದರು.

"ತಪ್ಪು ನಿಮ್ಮದಲ್ಲ, ನಂದು," ಎಂದೆ. ಅಷ್ಟು ಹೇಳಲು ನನಗೆ ನಾಲ್ಕು ತಿಂಗಳು ಬೇಕಾಯಿತು.

ಚಹಾ ಕುಡಿಯುವಾಗ ಅವರು ಹೇಳಿದರು: "ನಿಮ್ಮ ತಂಗ್ಯಾರು ನನ್ನ ಅಂಗಡಿಗೆ ಮೂರು ಸಲ ಬಂದಿದ್ರು. ಬೈಲಿಲ್ರಿ. ಅಕ್ಕಗ ಏನಾರ ದಾರಿ ಹುಡುಕಿಕೊಡ್ರಿ, ನನ್ನ ಹೆಸರು ಮಾತ್ರ ಹೇಳಬ್ಯಾಡ್ರಿ ಅಂದಿದ್ರು. ನಾ ಹೇಳಿಬಿಟ್ಟೆ."

ಮುಂದಿನ ಎರಡನೇ ಶನಿವಾರ ಮಾನ್ವಿಗೆ ಹೋದೆ. ದಾರಿಯ ಎರಡೂ ಬದಿ ನಾಟಿ ಮಾಡಿದ ಗದ್ದೆಗಳು. ತಂಗಿಯ ಮನೆಯ ಪಡಸಾಲೆಯಲ್ಲಿ ಕೂರಿಸಿ ಉಪ್ಪಿಟ್ಟು ಕೊಟ್ಟರು, ಕಾಲೇಜಿನ ಸುದ್ದಿ ಕೇಳಿದರು. ಎಲ್ಲರೂ ಒಳ್ಳೆಯವರೇ. ಆದರೆ ಮೂರು ತಾಸಿನಲ್ಲಿ ತಂಗಿಯ ಜೊತೆ ಮೂರು ಮಾತು ಆಡಲಾಗಲಿಲ್ಲ. ಒಬ್ಬರು ಹೋದರೆ ಒಬ್ಬರು ಬರುತ್ತಿದ್ದರು, ಅವಳು ಅಡುಗೆ ಮನೆಗೂ ಪಡಸಾಲೆಗೂ ಓಡಾಡುತ್ತಲೇ ಇದ್ದಳು. ಹೊರಟಾಗ, ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು ಬರುತ್ತೇನೆಂದು ಅತ್ತೆಗೆ ಹೇಳಿ ಅವಳೂ ಚಪ್ಪಲಿ ಮೆಟ್ಟಿದಳು.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆವು. ನಾನೇ ಶುರು ಮಾಡಿದೆ. "ಅವತ್ತು ಹಂಗ ಅನಬಾರದಾಗಿತ್ತು."

"ಇರಲಿ ಬಿಡಕ್ಕಾ."

"ಇಲ್ಲಿ ಹೆಂಗ ಅದೀ?"

ಅವಳು ಸೆರಗಿನ ಅಂಚು ಬೆರಳಿಗೆ ಸುತ್ತುತ್ತ ಕೂತಳು. "ಚಲೋ ಅದೀನಿ. ಹನ್ನೊಂದು ಮಂದಿ ಅದಾರ. ಒಬ್ಬರು ಚಿಕ್ಕವ್ವ ಅಂತಾರ, ಒಬ್ಬರು ವೈನಿ ಅಂತಾರ. ಹೆಸರು ಹಿಡದು ಕರಿಯೋರು ಒಬ್ಬರೂ ಇಲ್ಲ. ಒಮ್ಮೊಮ್ಮೆ ನನ್ನ ಹೆಸರು ನನಗ ಮರತು ಹೋಗಾಕತ್ತದ ಅನಸ್ತದ." ಸೆರಗು ಬಿಟ್ಟು ಮತ್ತೆ ಹೇಳಿದಳು: "ಮದುವಿ ಮಾತು ಬಂದಾಗ ನೀ ಒಂದು ಸಲ ಹೋಗಬ್ಯಾಡ ಅಂದಿದ್ರ ನಾ ನಿಂತುಬಿಡ್ತಿದ್ದೆ."

"ಅದಕ್ಕ ಅನಲಿಲ್ಲ," ಎಂದೆ.

"ನಿನಗ ನಾ ಭಾರ ಆಗೀನಿ ಅಂತ ತಿಳಕೊಂಡೆ."

ರಾಯಚೂರು ಬಸ್ಸು ಬಂದು ನಿಂತಿತು. ನನ್ನ ಸ್ವಾರ್ಥಕ್ಕಾಗಿ ಅವಳನ್ನು ಕಟ್ಟಿಹಾಕಬಾರದೆಂದು ಹಲ್ಲು ಕಚ್ಚಿ ಸುಮ್ಮನಿದ್ದೆ ಎಂದು ಹೇಳಬೇಕಿತ್ತು. ಕಂಡಕ್ಟರ್ ಕೂಗುತ್ತಿದ್ದರು, ಜನ ನುಗ್ಗುತ್ತಿದ್ದರು. ಅವಳ ಹೆಸರು ಹಿಡಿದು, "ದಸರಾಕ್ಕ ಬಾ," ಎಂದಷ್ಟೇ ಕರೆದು ಹತ್ತಿದೆ. ಕಿಟಕಿಯಿಂದ ನೋಡಿದರೆ ಅವಳು ಮೂಗು ಒರೆಸಿಕೊಳ್ಳುತ್ತಿದ್ದಳು.

ಹೊಸ ಕಲ್ಲು, ಹೊಸ ನೀರು, ಮತ್ತೆ ಆರು ವಾರದ ಕಾಯುವಿಕೆ. ಟಬ್ಬಿನಲ್ಲಿದ್ದ ಮೀನುಗಳೂ ತೊಟ್ಟಿಗೆ ಮರಳಿದವು. ಹೈದರಾಬಾದಿನಿಂದ ಈ ಸಲ ಕೆಂಪು ಬಣ್ಣದ ಒಂದೇ ಒಂದು ಮೆತ್ತಗಿನ ಹವಳ ತಂದೆ, ಅಂಗೈಯ ಅರ್ಧದಷ್ಟು. ಮಿಸ್ತ್ರಿಯ ಡಬ್ಬಿ ಸದ್ದು ಮಾಡುತ್ತದೆ, ಆದರೆ ಕೆಲಸ ತಪ್ಪಿಸುವುದಿಲ್ಲ.

ದಸರಾದಲ್ಲಿ ತಂಗಿ ಬಂದಳು, ಬೆಳಿಗ್ಗೆ ಬಂದು ಸಂಜೆ ಹೋಗುವಂತೆ. ಕೋಣೆಯ ಬಾಗಿಲಲ್ಲಿ ಒಂದು ಕ್ಷಣ ನಿಂತಳು. ಹವಳದ ದೊಡ್ಡ ಗುಣವೆಂದರೆ ಅದನ್ನು ನೋಡುವವರು ಮಾತಾಡಬೇಕಿಲ್ಲ. ಕುರ್ಚಿ ಎಳೆದುಕೊಂಡು ಅದರ ಮುಂದೆ ಬಹಳ ಹೊತ್ತು ಕೂತಳು.

"ನಿನ್ನ ಗುರ್ತು ಹಿಡಿತದೇನು?"

"ಇಲ್ಲ. ಅದಕ್ಕ ಮಿದುಳಿಲ್ಲ."

"ಮತ್ತ ದಿನಾ ಇಷ್ಟು ಮಾಡ್ತೀಯಲ್ಲ."

ಹವಳಕ್ಕೆ ಉಣಿಸುವ ತೆಳ್ಳನೆಯ ನಳಿಕೆ ಅವಳ ಕೈಗೆ ಕೊಟ್ಟು, ಆಹಾರದ ಒಂದು ಚೂರನ್ನು ಹವಳದ ಮೇಲೆ ಮೆಲ್ಲಗೆ ಬಿಡುವುದು ಹೇಗೆಂದು ತೋರಿಸಿದೆ. ಕೆಂಪು ಹವಳ ಅಂಚು ಮಡಚಿಕೊಂಡು ಆ ಚೂರನ್ನು ನಿಧಾನವಾಗಿ ಒಳಗೆ ಮಾಡಿಕೊಂಡಿತು. ತಂಗಿ ಉಸಿರು ಬಿಗಿಹಿಡಿದು ನೋಡಿದಳು, ಆಮೇಲೆ ನಕ್ಕಳು. ಮಧ್ಯಾಹ್ನ ಇಬ್ಬರೂ ರೊಟ್ಟಿ ಬಡಿದು ಊಟ ಮಾಡಿದೆವು. ಬಸ್ ಸ್ಟ್ಯಾಂಡಿನಲ್ಲಿ ಹೇಳದೆ ಉಳಿದ ಮಾತನ್ನು ಒಲೆಯ ಮುಂದೆ ಹೇಳಿದೆ. ಅವಳು ಹಿಟ್ಟು ನಾದುತ್ತಲೇ ಕೇಳಿಸಿಕೊಂಡಳು. "ಈಗ ಗೊತ್ತಾತು," ಎಂದಳು. ನಾಲ್ಕೂವರೆಯ ಬಸ್ಸಿಗೆ ಹೊರಟಳು. ಮನೆಗೆ ನೆಂಟರು ಬರುವವರಿದ್ದರು.

ಆಮೇಲೆ ಎರಡು ಸಲ ಬಂದಿದ್ದಾಳೆ. ಬರುತ್ತೇನೆಂದು ಬಾರದೆ ಉಳಿದದ್ದು ಅದಕ್ಕಿಂತ ಹೆಚ್ಚು. ಕಾಲೇಜಿನಲ್ಲಿ ಹವಳದ ಪಾಠಕ್ಕೆ ಈಗ ಫೋನಿನಲ್ಲಿ ತೆಗೆದ ಚಿತ್ರಗಳನ್ನು ತೋರಿಸುತ್ತೇನೆ. ಅದು ಎಲ್ಲಿಯ ಸಮುದ್ರ ಎಂದು ಮಕ್ಕಳು ಕೇಳಿದರೆ ರಾಯಚೂರಿನದು ಎನ್ನುತ್ತೇನೆ, ಅವರು ನಗುತ್ತಾರೆ. ಭಾನುವಾರ ತೊಟ್ಟಿಯ ಒಂದಿಷ್ಟು ನೀರು ತೆಗೆದು ಹೊಸದು ಹಾಕಬೇಕು. ಎರಡು ಬಕೆಟ್ಟು ಎತ್ತುವಾಗ ಸೊಂಟ ಹಿಡಿಯುತ್ತದೆ. ಒಂದು ಬಕೆಟ್ಟು ಎತ್ತಿಟ್ಟು, ಗೋಡೆಗೆ ಒರಗಿ ಸ್ವಲ್ಪ ಹೊತ್ತು ಕೂತು, ಆಮೇಲೆ ಇನ್ನೊಂದಕ್ಕೆ ಕೈ ಹಾಕುತ್ತೇನೆ.